ಹಾಯಿದೋಣಿಗೆ ಮೋಟರ್: ಎಚ್‌ಪಿ ಕೇಳುವ ಮೊದಲು ಹಲಗೆ ಅಳೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬೀದರ್‌ನ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ತಮ್ಮ 16 ಅಡಿಯ ಹಾಯಿದೋಣಿಗೆ ಯಾವ ಮೋಟರ್ ಕೂರಿಸಬೇಕು ಅಂತ. ನಾಲ್ಕೇ ಸಾಲಿನಲ್ಲಿ ಉತ್ತರ ಮುಗಿದಿತ್ತು. 10 ಎಚ್‌ಪಿ ಇರಲಿ, ಜಾಸ್ತಿ ಇದ್ದರೆ ನಷ್ಟವೇನಿಲ್ಲ ಎಂಬುದು ಅದರ ಸಾರ. ಓದುತ್ತಾ ಕೈಯಲ್ಲಿದ್ದ ಚಹಾ ಆರಿಹೋಯಿತು. ಇದೇ ಮಾತು ನಂಬಿ 17 ಸಾವಿರ ರೂಪಾಯಿ ಕಳೆದುಕೊಂಡವನು ನಾನು.

ನಾನು ಯಾದಗಿರಿ ಜಿಲ್ಲೆ ಹುಣಸಗಿ ತಾಲ್ಲೂಕಿನವನು. 15 ವರ್ಷ ನೌಕಾಪಡೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದೆ. ಕೊನೆಯ ಕೆಲವು ವರ್ಷ ಕಾರವಾರದ ಕದಂಬ ನೆಲೆಯಲ್ಲಿ ಕಳೆದೆ. ಹಾಯಿ ಕಟ್ಟುವುದನ್ನು ಕಲಿತದ್ದೂ ಅಲ್ಲೇ, 27 ಅಡಿಯ ವೇಲರ್ ದೋಣಿಯಲ್ಲಿ. ಆಮೇಲೆ ಎಂಟರ್‌ಪ್ರೈಸ್ ಎಂಬ ನೀಲಿ ಹಾಯಿಯ ಪುಟ್ಟ ದೋಣಿಯಲ್ಲಿ. ಊರಿಗೆ ಬಂದ ಮೇಲೆ ಸುಮ್ನೆ ಕೂರಲಾಗಲಿಲ್ಲ. ಎರಡು ವರ್ಷ ಹಿಡಿದು ಪ್ಲೈವುಡ್ಡು, ಫೈಬರ್ ಹಾಕಿ 17 ಅಡಿಯ ದೋಣಿ ಮಾಡಿದೆ. ಜಲಾಶಯದ ಕಚೇರಿಯಿಂದ ಕಾಗದದ ಮೇಲೆ ಒಪ್ಪಿಗೆ ಪಡೆದು, ನಾರಾಯಣಪುರದ ಬಸವಸಾಗರ ಹಿನ್ನೀರಿನಲ್ಲಿ, ಕಟ್ಟೆಯಿಂದ ದೂರದಲ್ಲಿ ಓಡಿಸುತ್ತೇನೆ. ಕೃಷ್ಣೆಯ ಮೇಲೆ ಹಾಯಿ ನೋಡಿದ ಊರವರು ಮೊದಮೊದಲು ಸರ್ಕಸ್ ಬಂತೇನೋ ಅಂದುಕೊಂಡಿದ್ದರು.

ಹಾಯಿ ಇರುವಾಗ ಮೋಟರ್ ಯಾಕೆ ಅಂತ ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಪಡುವಣ ಗಾಳಿ ಹಗಲೆಲ್ಲಾ ಬೀಸುತ್ತದೆ. ಆಗ ಮೋಟರ್ ನೆನಪಾಗುವುದಿಲ್ಲ. ಅಕ್ಟೋಬರ್ ಬಂತು ಅಂದರೆ ಗಾಳಿಗೆ ನಂಬಿಕೆಯಿಲ್ಲ. ಮೊದಲ ವರ್ಷ ಹಾಗೊಂದು ಸಂಜೆ ದಡದಿಂದ 5 ಕಿಲೋಮೀಟರ್ ಆಚೆ ಇದ್ದೆವು, ನಾನು ಮತ್ತು ಅಣ್ಣನ ಮಗ. ಐದು ಗಂಟೆಗೆ ಗಾಳಿ ನಿಂತಿತು. ನೀರು ಎಣ್ಣೆ ಸುರಿದಹಾಗೆ ಮಲಗಿಬಿಟ್ಟಿತು. ಹಾಯಿ ಒಗೆದು ಹಾಕಿದ ಪಂಚೆಯಂತೆ ಜೋತುಬಿತ್ತು. ಇಬ್ಬರೂ ಹುಟ್ಟು ಹಾಕುತ್ತಾ ದಡ ಮುಟ್ಟಿದಾಗ ರಾತ್ರಿ ಒಂಬತ್ತು. ಮನೆಯವರು ದಡದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಏನೂ ಅನ್ನಲಿಲ್ಲ. ಮರುದಿನವೂ ಏನೂ ಅನ್ನಲಿಲ್ಲ. ಮೂರನೇ ದಿನ ನಾನೇ ಮೋಟರ್ ಹುಡುಕಲು ಹೊರಟೆ.

ಕರಾವಳಿಯ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ 9.9 ಎಚ್‌ಪಿ ಸಿಕ್ಕಿತು. 68 ಸಾವಿರ. ಒಳ್ಳೆಯ ಕಂಪನಿಯದ್ದು, ಎಂಜಿನ್ ಗಟ್ಟಿಯಾಗಿಯೇ ಇತ್ತು. ಅದನ್ನು ದೂರುವುದಿಲ್ಲ. ಮಾರಿದವನು, "17 ಅಡಿಗೆ ಇದು ಹೂ ಎತ್ತಿದ ಹಾಗೆ" ಅಂದ. ಮೋಟರಿನಿಂದ ನೀರೊಳಗಿನ ಪ್ರೊಪೆಲ್ಲರ್‌ಗೆ ಇಳಿಯುವ ದಂಡ ಗಿಡ್ಡ ಅಲ್ವಾ ಅಂತ ಕೇಳಿದ್ದಕ್ಕೆ, "ಸ್ವಲ್ಪ ಕೆಳಗೆ ತಳ್ಳಿ ಕಟ್ಟಿ" ಅಂದ. 15 ವರ್ಷ ಎಂಜಿನ್ ಜೊತೆ ಬದುಕಿದವನು ಈ ಮಾತಿಗೆ ತಲೆ ಆಡಿಸಿ ದುಡ್ಡು ಎಣಿಸಿದೆ. ಹಡಗಿನ ಎಂಜಿನ್ ರೂಮಿನಲ್ಲಿ ಮೋಟರ್ ಆರಿಸುವ ಕೆಲಸ ನಮಗೆ ಇರುತ್ತಿರಲಿಲ್ಲ ನೋಡಿ. ಬಂದದ್ದನ್ನು ಓಡಿಸುವುದಷ್ಟೇ.

ಮೊದಲ ದಿನವೇ ಗೊತ್ತಾಯಿತು. 40 ಕೆ.ಜಿ.ಗೆ ಹತ್ತಿರದ ಆ ಭಾರ ಹಿಂದಿನ ಹಲಗೆಯ ಮೇಲೆ ಕೂತ ಕೂಡಲೇ ದೋಣಿಯ ಮೂತಿ ಮೇಲೆದ್ದಿತು, ಹಿಂಬದಿ ಕುಸಿಯಿತು. ನಾನು ಹಿಂದೆ ಕೂತಿದ್ದಷ್ಟು ಹೊತ್ತು ಹೇಗೋ ಓಡಿತು. ದಡ ಹತ್ತಿರವಾಯಿತು, ಲಂಗರು ಬಿಡು ಅಂತ ಹುಡುಗನನ್ನು ಮುಂದಕ್ಕೆ ಕಳಿಸಿ ನಾನೂ ಒಂದು ಹೆಜ್ಜೆ ಮುಂದೆ ಹೋದೆ. ಮೂತಿ ತಗ್ಗಿತು, ಹಿಂಬದಿ ಎದ್ದಿತು, ಪ್ರೊಪೆಲ್ಲರ್ ನೀರಿನಿಂದ ಹೊರಗೆ! ಎಂಜಿನ್ ಕಿವಿ ಕಿತ್ತುಹೋಗುವಂತೆ ಅರಚಿತು. ಪಕ್ಕದಲ್ಲಿ ಹರಿಗೋಲಿನಲ್ಲಿ ಬಲೆ ಎಳೆಯುತ್ತಿದ್ದ ಹಿರಿಯರು ಒಬ್ಬರು ಕೂಗಿದರು: "ಸಾಹೇಬ್ರೇ, ನಿಮ್ಮ ಮಷಿನ್ ನೀರು ಬಿಟ್ಟು ಗಾಳಿ ಕುಡೀಲಾಕತ್ತದ್ರೀ!"

ರೋಗ ಏನು ಅಂತ ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ಹೊರಗಡೆ ಬಿಗಿಯುವ ಇಂಥ ಮೋಟರ್, ಅದರ ಬಗ್ಗೆ ಓದಿದವರ ಬಾಯಲ್ಲೂ ಅದಕ್ಕೆ ಇಷ್ಟು ಒಳ್ಳೆಯ ಹೆಸರಿಲ್ಲ.

ಬೀದರ್‌ನ ಓದುಗರಿಗೆ ನಾನು ಮೊದಲು ಹೇಳಬೇಕಾದದ್ದು ಇದೇ. ಎಚ್‌ಪಿ ಆಮೇಲೆ ನೋಡಿ. ಮೊದಲು ದಂಡದ ಉದ್ದ ನೋಡಿ. ಮೋಟರ್ ಬಿಗಿಯುವ ಹಿಂದಿನ ಹಲಗೆ ಇದೆಯಲ್ಲ, ಅದರ ಮೇಲಂಚಿನಿಂದ ದೋಣಿಯ ತಳದವರೆಗೆ ಟೇಪ್ ಹಿಡಿಯಿರಿ. ನನ್ನದು 18 ಇಂಚು. ಕಂಪನಿಗಳು ದಂಡವನ್ನು ಮುಖ್ಯವಾಗಿ ಮೂರು ಅಳತೆಯಲ್ಲಿ ಮಾಡುತ್ತವೆ: ಗಿಡ್ಡದ್ದು 15 ಇಂಚು, ಉದ್ದದ್ದು 20, ಇನ್ನೂ ಉದ್ದದ್ದು 25. ಪ್ರೊಪೆಲ್ಲರ್ ಮೇಲೆ ಅಡ್ಡಲಾಗಿ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಮೇಲಿನ ಗಾಳಿ ಪ್ರೊಪೆಲ್ಲರ್‌ಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಆ ತಟ್ಟೆ ದೋಣಿಯ ತಳಕ್ಕಿಂತ ಒಂದಿಂಚಾದರೂ ಕೆಳಗಿರಬೇಕು. ಹಾಯಿದೋಣಿಯಲ್ಲಿ ಇನ್ನೂ ಆಳಕ್ಕಿದ್ದರೆ ಒಳ್ಳೆಯದು. ಯಾಕೆಂದರೆ ಹಾಯಿ ಇಳಿಸಲು, ಲಂಗರು ಬಿಡಲು ಯಾರಾದರೂ ಮುಂದಕ್ಕೆ ಹೋಗಲೇಬೇಕು. ಅಲೆ ಎದ್ದಾಗಂತೂ ಹಿಂಬದಿ ಏರಿಳಿಯುತ್ತದೆ. ನನ್ನ 18 ಇಂಚಿನ ಹಲಗೆಗೆ 15 ಇಂಚಿನ ದಂಡ ಹಾಕಿದರೆ ತಟ್ಟೆ ದೋಣಿಯ ತಳಕ್ಕಿಂತ 3 ಇಂಚು ಮೇಲೆಯೇ ಉಳಿಯಿತು. ಸ್ವಲ್ಪ ಕೆಳಗೆ ತಳ್ಳಿ ಕಟ್ಟಿ ಅನ್ನುವುದಕ್ಕೆ ಅದೇನು ಎತ್ತಿನ ನೊಗವೇ?

ನಮ್ಮ ಕಡೆ ಎಚ್‌ಪಿ ಅಂದರೆ ಪಂಪ್‌ಸೆಟ್ಟು. ಕಾಲುವೆಯಿಂದ ನೀರೆತ್ತಲು 5 ಎಚ್‌ಪಿ ಸಾಲದು, ಏಳೂವರೆ ಹಾಕು, ಇನ್ನೂ ಸಾಲದು, 10 ಹಾಕು. ಹೆಚ್ಚು ಹಾಕಿದಷ್ಟೂ ನೀರು ಹೆಚ್ಚು ಬರುತ್ತದೆ. ಈ ಲೆಕ್ಕ ರೈತನ ಮಗನಾದ ನನ್ನ ತಲೆಯಲ್ಲೂ ಕೂತಿತ್ತು. ದೋಣಿಗೆ ಇದು ನಡೆಯುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಮುಂದೊಂದು, ಹಿಂದೊಂದು ಅಲೆ ಎಬ್ಬಿಸುತ್ತದೆ. ವೇಗ ಏರಿದಂತೆ ಆ ಎರಡು ಅಲೆಗಳ ನಡುವಿನ ಅಂತರವೂ ಬೆಳೆಯುತ್ತದೆ. ಅಂತರ ದೋಣಿಯ ಉದ್ದದಷ್ಟಾದಾಗ ದೋಣಿ ಆ ಎರಡರ ನಡುವಿನ ತಗ್ಗಿನಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕಿಂತ ಜೋರು ಹೋಗಬೇಕಾದರೆ ತನ್ನ ಮುಂದಿನ ಅಲೆಯನ್ನೇ ದಿನ್ನೆ ಹತ್ತಿದ ಹಾಗೆ ಹತ್ತಬೇಕು. ಭಾರದ, ದುಂಡು ಹೊಟ್ಟೆಯ ಹಾಯಿದೋಣಿಗೆ ಅದು ಆಗದ ಕೆಲಸ.

ಲೆಕ್ಕವೂ ಸುಲಭ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬರುವುದು ನಾಟ್‌ಗಳಲ್ಲಿ ವೇಗ. ನನ್ನ ದೋಣಿಯಲ್ಲಿ ಆ ಉದ್ದ 16 ಅಡಿ. ವರ್ಗಮೂಲ 4. ಗುಣಿಸಿದರೆ 5.36 ನಾಟ್, ಅಂದರೆ ಗಂಟೆಗೆ ಹತ್ತಿರ ಹತ್ತಿರ 10 ಕಿಲೋಮೀಟರ್. ಸೈಕಲ್ ಮೇಲೆ ನಿಧಾನವಾಗಿ ಹೋದಷ್ಟು. ನಾನು 9.9 ಎಚ್‌ಪಿಯ ಥ್ರಾಟಲ್ಲನ್ನು ಪೂರ್ತಿ ತಿರುಗಿಸಿದಾಗಲೂ ಫೋನಿನ ಜಿಪಿಎಸ್‌ನಲ್ಲಿ 10ರ ಸುತ್ತಲೇ ಆಡಿತು. ಹಿಂದೆ ನೊರೆ ಮಾತ್ರ ಬೆಟ್ಟದಷ್ಟು. ಗಂಟೆಗೆ 4 ಲೀಟರ್ ಪೆಟ್ರೋಲ್ ನೊರೆಗೆ ಹೋಯಿತು. ಅಣ್ಣನ ಮಗ, "ಕಾಕಾ, ನಾವು ಹೊಂಟೀವೋ, ನೀರು ಹೊಂಟದೋ?" ಅಂತ ಕೇಳಿದ.

ಜನರಿಗೆ ದೊಡ್ಡ ಮೋಟರಿನ ಹುಚ್ಚು ಎಲ್ಲಿಂದ ಬಂತು ಅಂತ ನನಗೊಂದು ಅನುಮಾನವಿದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿಯ ಊರುಗಳಿಗೆ ನುಗ್ಗಿದಾಗ ಎಲ್ಲರೂ ಟಿ.ವಿ.ಯಲ್ಲಿ ರಬ್ಬರ್ ದೋಣಿ ನೋಡಿದರು. ದೊಡ್ಡ ಮೋಟರ್, ಚಿಮ್ಮುವ ನೀರು, ಬಾಣದ ವೇಗ. ನೌಕಾಪಡೆಯಲ್ಲಿ ಅದನ್ನು ಜೆಮಿನಿ ಅನ್ನುತ್ತೇವೆ, ಅದರ ಮೋಟರನ್ನು ಓಬಿಎಂ. ಅಂಥ ದೋಣಿ ಹಗುರ, ತಳ ಚಪ್ಪಟೆ. ವೇಗ ಸಿಕ್ಕ ಕೂಡಲೇ ನೀರಿನ ಮೇಲೆ ಎದ್ದು ಜಾರುತ್ತಾ ಓಡುತ್ತದೆ. ಅದಕ್ಕೆ ದೊಡ್ಡ ಎಚ್‌ಪಿ ಬೇಕೇ ಬೇಕು, ಹರಿವಿನ ವಿರುದ್ಧ ಜನರನ್ನು ತುಂಬಿಕೊಂಡು ಬರಬೇಕಲ್ಲ. ಹಾಯಿದೋಣಿ ನೀರೊಳಗೆ ಕೂತು ಹೋಗುವ ಜಾತಿ. ಎರಡಕ್ಕೂ ಒಂದೇ ಮೋಟರ್ ಹೇಳುವುದೆಂದರೆ ಟ್ರ್ಯಾಕ್ಟರಿಗೂ ಬುಲೆಟ್ ಬೈಕಿಗೂ ಒಂದೇ ಗೇರ್ ಹೇಳಿದಂತೆ.

ಹಾಗಾದರೆ ಎಷ್ಟು ಸಾಕು? ಹಾಯಿದೋಣಿಯವರಲ್ಲಿ ರೂಢಿಯ ಒಂದು ಅಂದಾಜಿದೆ. ದೋಣಿ, ಜನ, ಸಾಮಾನು ಸೇರಿ ಒಂದು ಟನ್ ಭಾರಕ್ಕೆ 4 ಎಚ್‌ಪಿ. ನನ್ನ ಖಾಲಿ ದೋಣಿ 250 ಕೆ.ಜಿ. ಇಬ್ಬರು ಮನುಷ್ಯರು, ಹಾಯಿ, ಲಂಗರು, ಕುಡಿಯುವ ನೀರು, ಬುತ್ತಿ ಸೇರಿದರೆ 480. ಲೆಕ್ಕದ ಪ್ರಕಾರ 2 ಎಚ್‌ಪಿ ಧಾರಾಳ ಸಾಕು. ನಾನು 4 ತೆಗೆದುಕೊಂಡೆ. ಕಾರಣ ಎರಡು. ಒಂದು, ಪಡುವಣ ಗಾಳಿಗೆ ಎದುರಾಗಿ ಬರುವಾಗ ಕೂವೆಮರ (ಹಾಯಿ ಕಟ್ಟುವ ಕಂಬ), ಹಗ್ಗ, ಸುತ್ತಿಟ್ಟ ಹಾಯಿ ಎಲ್ಲವೂ ಗಾಳಿಯನ್ನು ಹಿಡಿಯುತ್ತವೆ. ಹಾಯಿ ಇಳಿಸಿದರೂ ದೋಣಿ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಎರಡು, ಗೇರು. ಎರಡೂವರೆ, ಮೂರೂವರೆ ಎಚ್‌ಪಿಯ ಎಷ್ಟೋ ಮೋಟರುಗಳಲ್ಲಿ ಮುಂದಕ್ಕೆ ಮತ್ತು ನ್ಯೂಟ್ರಲ್ ಮಾತ್ರ. ರಿವರ್ಸ್ ಬೇಕಾದರೆ ಇಡೀ ಮೋಟರನ್ನೇ ಕೈಯಲ್ಲಿ ಹಿಡಿದು ಹಿಂದುಮುಂದಾಗಿ ತಿರುಗಿಸಬೇಕು. ತಿರುಗಿಸಬಹುದು, ಕಷ್ಟವಿಲ್ಲ. ಆದರೆ ನನ್ನ ಚುಕ್ಕಾಣಿ ಪಕ್ಕದಲ್ಲೇ ಇದೆ, ಕೈ ಅಡ್ಡ ಬರುತ್ತದೆ. ನಾಲ್ಕರಿಂದ ಮೇಲೆ ರಿವರ್ಸ್ ಗೇರು ಸಿಗುತ್ತದೆ. ನಿಮ್ಮಲ್ಲಿ ಜಾಗವಿದ್ದರೆ, ನೀರು ಸಣ್ಣದಿದ್ದರೆ ಎರಡೂವರೆ ಎಚ್‌ಪಿಗೆ ನಾನು ಬೇಡ ಅನ್ನುವುದಿಲ್ಲ. ಅದು 17-18 ಕೆ.ಜಿ. ಮಾತ್ರ, ಒಂದು ಕೈಯಲ್ಲಿ ಎತ್ತಿಕೊಂಡು ಮನೆಗೆ ಒಯ್ಯಬಹುದು. ನನ್ನದು 26. ನನ್ನ ವಯಸ್ಸಿನ ಸೊಂಟಕ್ಕೆ ಆ ಎಂಟು ಕೆ.ಜಿ. ಏನು ಅಂತ ಗೊತ್ತಾಗುತ್ತದೆ.

ಬೀದರ್ ಎತ್ತರದ ಊರು, ಸಮುದ್ರ ಮಟ್ಟದಿಂದ 2 ಸಾವಿರ ಅಡಿಗೂ ಮೇಲೆ. ಅಲ್ಲಿ ಎಂಜಿನ್ ಶಕ್ತಿ ಕುಗ್ಗುವುದಿಲ್ಲವೇ ಅಂತ ಯಾರಾದರೂ ಕೇಳಬಹುದು. ಕುಗ್ಗುತ್ತದೆ. ಸಾವಿರ ಅಡಿಗೆ ಶೇ 3ರಂತೆ, ಹೆಚ್ಚೆಂದರೆ ಶೇ 6-7. ಅದಕ್ಕಾಗಿ 10 ಎಚ್‌ಪಿ ತರಬೇಕಿಲ್ಲ.

ಎಚ್‌ಪಿಗಿಂತ ಕೆಲಸಕ್ಕೆ ಬರುವುದು ಪ್ರೊಪೆಲ್ಲರ್. ನಮ್ಮವರು ಫ್ಯಾನು ಅನ್ನುತ್ತಾರೆ, ತಪ್ಪೇನಿಲ್ಲ. ಅದಕ್ಕೆ ಎರಡು ಅಳತೆ. ಒಂದು ಅಗಲ. ಇನ್ನೊಂದು ಪಿಚ್, ಅಂದರೆ ಬೆಣ್ಣೆಯಲ್ಲಿ ಸ್ಕ್ರೂ ತಿರುಗಿಸಿದರೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತದೋ ಅಷ್ಟು. ಹಗುರ ದೋಣಿಗೆ ಪಿಚ್ ಜಾಸ್ತಿ ಇರಬೇಕು. ಭಾರದ ಹಾಯಿದೋಣಿಗೆ ಅಗಲ ಜಾಸ್ತಿ, ಪಿಚ್ ಕಡಿಮೆ ಇರಬೇಕು. ಟ್ರ್ಯಾಕ್ಟರನ್ನು ಲೋ ಗೇರಿನಲ್ಲಿ ಹಾಕಿ ಕೆಸರು ಗದ್ದೆ ದಾಟಿಸಿದ ಹಾಗೆ. ಕೆಲವು ಕಂಪನಿಗಳು 6 ಎಚ್‌ಪಿಯಲ್ಲೇ ಹಾಯಿದೋಣಿಗೆಂದು ಉದ್ದ ದಂಡ ಮತ್ತು ಇಂಥ ಪ್ರೊಪೆಲ್ಲರ್ ಸೇರಿಸಿ ಕೊಡುತ್ತವೆ. 20-22 ಅಡಿಯ ದೋಣಿ ಇದ್ದವರು ಅದನ್ನು ಕೇಳಿ ತೆಗೆದುಕೊಳ್ಳಲಿ. ಸಣ್ಣ ಮೋಟರಿನ ಪ್ರೊಪೆಲ್ಲರ್‌ಗೆ ಎಷ್ಟೋ ಕಡೆ ಒಂದು ಶಿಯರ್ ಪಿನ್ ಇರುತ್ತದೆ. ಬಂಡೆಗೆ ತಾಗಿದರೆ ಪಿನ್ ಮುರಿಯುತ್ತದೆ, ಗೇರು ಉಳಿಯುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ್ದ ಹಳೆಯ ಹೊಲದ ಬದು, ಕಲ್ಲು, ಜಾಲಿ ಬೊಡ್ಡೆ ಎಲ್ಲಾ ನೀರಿನ ಒಂದಡಿ ಕೆಳಗೆ ಬಂದು ಕೂತಿರುತ್ತವೆ. ಹೋದ ಏಪ್ರಿಲ್‌ನಲ್ಲಿ ಒಂದೇ ದಿನ ಎರಡು ಪಿನ್ ಮುರಿದೆ. ಜೇಬಿನಲ್ಲಿ ನಾಲ್ಕು ಪಿನ್, ಒಂದು ಇಕ್ಕಳ, ಇವೆರಡೂ ನನ್ನ ಚಷ್ಮದಷ್ಟೇ ಖಾಯಂ.

ಟೂ-ಸ್ಟ್ರೋಕಾ, ಫೋರ್-ಸ್ಟ್ರೋಕಾ? ಮೀನುಗಾರರು ಇಂದಿಗೂ ಟೂ-ಸ್ಟ್ರೋಕನ್ನು ಬಿಟ್ಟುಕೊಡುವುದಿಲ್ಲ. ಹಗುರ, ಬಿಚ್ಚಲು ಸುಲಭ, ಒದ್ದರೂ ಓಡುತ್ತದೆ. ಆದರೆ ಪ್ರತಿ ಲೀಟರಿಗೂ ಎಣ್ಣೆ ಬೆರೆಸಬೇಕು. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ. ಕೆರೆಯಲ್ಲಿ ಬಣ್ಣದ ಪೊರೆ ತೇಲುತ್ತದೆ. ಅದೇ ನೀರು ಊರಿಗೆ ಕುಡಿಯಲು ಹೋಗುತ್ತದೆ ಅನ್ನುವುದು ನನಗೆ ಮರೆಯಲಾಗಲಿಲ್ಲ. ಫೋರ್-ಸ್ಟ್ರೋಕ್ ತಂದೆ. ಅರ್ಧ ಥ್ರಾಟಲ್‌ನಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಕುಡಿಯುತ್ತದೆ, 7 ಕಿಲೋಮೀಟರ್ ಹೋಗುತ್ತದೆ. ಪಕ್ಕದವರ ಮಾತೂ ಕೇಳಿಸುತ್ತದೆ.

ಒಂದು ಕಿವಿಮಾತು. ಫೋರ್-ಸ್ಟ್ರೋಕನ್ನು ಕಾರಿನಲ್ಲಿ ಮಲಗಿಸಿ ಒಯ್ಯುವಾಗ ಯಾವ ಮಗ್ಗುಲು ಕೆಳಗಿರಬೇಕು ಅಂತ ಮೋಟರಿನ ಮೇಲೇ ಬರೆದಿರುತ್ತದೆ. ಬೇರೆ ಮಗ್ಗುಲಿಗೆ ಹಾಕಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ಆಮೇಲೆ ಮದುವೆ ಮನೆಯ ಒಲೆಯ ಹಾಗೆ ಹೊಗೆ.

ಇನ್ನು ಪೆಟ್ರೋಲ್. ಇದು ಈಗಿನ ದೊಡ್ಡ ತಲೆನೋವು, ಯಾರೂ ಮೋಟರ್ ಕೊಳ್ಳುವಾಗ ಕೇಳುವುದಿಲ್ಲ. ಶೇ 20 ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು, ಈಗ ಊರೂರಿನ ಬಂಕಿನಲ್ಲೂ ಅದೇ. ಔಟ್‌ಬೋರ್ಡಿನ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಶೇ 10ರ ಮಿತಿ ಬರೆದಿರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನೀರಿನ ಮೇಲೆ ತೇವಕ್ಕೇನು ಕೊರತೆ? ಹೀರಿದ್ದು ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಮೊದಲ ವರ್ಷ ಮಾರ್ಚ್‌ನಲ್ಲಿ ಪೆಟ್ರೋಲ್ ಒಳಗಿದ್ದಂತೆಯೇ ಮೋಟರ್ ಮುಚ್ಚಿಟ್ಟೆವು. 44 ಡಿಗ್ರಿ ಬಿಸಿಲಿನಲ್ಲಿ ಮೂರು ತಿಂಗಳು. ಜೂನ್‌ನಲ್ಲಿ ಹಗ್ಗ ಎಳೆದು ಎಳೆದು ಹುಡುಗನ ಭುಜ ಇಳಿದುಹೋಯಿತು. ಬಿಚ್ಚಿದರೆ ಕಾರ್ಬುರೇಟರಿನ ತಳದಲ್ಲಿ ಬೆಲ್ಲದ ಪಾಕದಂಥ ಅಂಟು. ಪೆಟ್ರೋಲ್ ಹಾಯುವ ಜೆಟ್ಟಿನ ಕೂದಲೆಳೆಯ ತೂತು ಮುಚ್ಚಿತ್ತು. ವೈರಿನ ಒಂದು ಎಳೆ ತೂರಿಸಿ ಬಿಡಿಸಿದೆ. ಈಗ ಮನೆಗೆ ಬರುವ ಮೊದಲು ಪೆಟ್ರೋಲ್ ಬರುವ ನಲ್ಲಿಯನ್ನು ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸುತ್ತೇನೆ. ಕಾರ್ಬುರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದ ಹನಿಯನ್ನೂ ಇಳಿಸುತ್ತೇನೆ. ಉಳಿದ ಪೆಟ್ರೋಲ್ ಬೈಕಿಗೆ.

ತಂಪು ಮಾಡುವ ನೀರಿನ ವಿಷಯವೂ ಹೇಳಿಬಿಡುತ್ತೇನೆ. ಔಟ್‌ಬೋರ್ಡು ಕೆಳಗಿನಿಂದ ಕೆರೆಯ ನೀರನ್ನೇ ಹೀರಿ ಎಂಜಿನ್ ತಣ್ಣಗೆ ಮಾಡುತ್ತದೆ. ಒಳಗೆ ರಬ್ಬರಿನ ಎಲೆಗಳಿರುವ ಇಂಪೆಲ್ಲರ್ ಇದೆ. ಪಂಪು ನಡೆಯುತ್ತಿದೆ ಅಂತ ತೋರಿಸಲು ಪಕ್ಕದಿಂದ ಒಂದು ಸಣ್ಣ ಎಳೆ ನೀರು ಚಿಮ್ಮುತ್ತದೆ. ನಮ್ಮ ಹುಡುಗ ಅದನ್ನು ನೋಡಿ, "ಕಾಕಾ, ಸೋರ್ಲಾಕತ್ತದ" ಅಂತ ಎಂ-ಸೀಲ್ ಹಚ್ಚಲು ಹೊರಟಿದ್ದ! ಅದು ಮುಚ್ಚಿದರೆ ಪಂಪು ಸತ್ತರೂ ನಮಗೆ ತಿಳಿಯುವುದಿಲ್ಲ. ನೀರಿಲ್ಲದೆ ಅಂಗಳದಲ್ಲಿ ಸ್ಟಾರ್ಟ್ ಮಾಡಿ ಅಕ್ಕಪಕ್ಕದವರಿಗೆ ತೋರಿಸುವ ಆಸೆಯನ್ನೂ ಬಿಡಿ, ಒಂದು ನಿಮಿಷದೊಳಗೆ ಆ ರಬ್ಬರ್ ಸುಟ್ಟು ಕುಳಿತುಕೊಳ್ಳಬಹುದು. ನಮ್ಮ ಹಿನ್ನೀರಿನಲ್ಲಿ ಉಪ್ಪಿಲ್ಲ, ಅದೊಂದು ಪುಣ್ಯ. ಆದರೆ ಮಳೆಗಾಲದ ಕೃಷ್ಣೆ ಅಂದರೆ ಮಣ್ಣಿನ ಗಂಜಿ. ಇಂಪೆಲ್ಲರನ್ನು ನಾನು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಕೆಳಗಿನ ಗೇರ್ ಆಯಿಲ್ ಬಿಚ್ಚಿ ನೋಡುತ್ತೇನೆ. ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಸೀಲಿನಲ್ಲಿ ನೀರು ನುಗ್ಗಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಬಿಚ್ಚಿಸಬೇಕಾದ ಸ್ಕ್ರೂ ಅದೇ. ಮಾರುವವನು ಒಲ್ಲೆ ಅಂದರೆ ಬಸ್ ಹತ್ತಿ. ಈ ರಗಳೆಯೇ ಬೇಡ ಅನ್ನುವವರಿಗೆ ಹೊಂಡಾದ 2.3 ಎಚ್‌ಪಿ ಇದೆ. ಗಾಳಿಯಿಂದಲೇ ತಣ್ಣಗಾಗುತ್ತದೆ, 13-14 ಕೆ.ಜಿ., ಇಂಪೆಲ್ಲರ್ ಇಲ್ಲ. ಸದ್ದು ಮಾತ್ರ ಹುಲ್ಲು ಕತ್ತರಿಸುವ ಮಷಿನ್ನಿನದ್ದೇ.

ನಮ್ಮ ಊರ ಹೈಸ್ಕೂಲ್ ಮೇಷ್ಟ್ರು, "ಬ್ಯಾಟರಿದು ಹಾಕ್ರಿ, ಹೊಗೆ ಇಲ್ಲ, ಸದ್ದಿಲ್ಲ" ಅಂತ ಹೇಳುತ್ತಲೇ ಇರುತ್ತಾರೆ. ಮಾತಿನಲ್ಲಿ ಸತ್ಯವಿದೆ. ಲೆಕ್ಕ ಹಾಕೋಣ. 12 ವೋಲ್ಟಿನ, 55 ಪೌಂಡ್ ತಳ್ಳುವ ಸಣ್ಣ ಎಲೆಕ್ಟ್ರಿಕ್ ಮೋಟರ್ ಪೂರ್ತಿ ಓಡಿದರೆ ಸುಮಾರು 50 ಆಂಪಿಯರ್ ಎಳೆಯುತ್ತದೆ, ಅಂದರೆ 600 ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಹಾಗಾಗಿ ಅದು ಒಂದು ಎಚ್‌ಪಿಯೂ ಅಲ್ಲ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಒಂದು ಗಂಟೆಗೆ ಆಟ ಮುಗಿಯಿತು. ಮನೆಯ ಇನ್ವರ್ಟರ್ ಬ್ಯಾಟರಿ ಎತ್ತಿಕೊಂಡು ಹೋಗೋಣ ಅಂದರೆ ಅದು 50 ಕೆ.ಜಿ.ಗೂ ಮೇಲೆ, ಮನೆಯವರ ಸೀರಿಯಲ್ಲೂ ನಿಂತುಹೋಗುತ್ತದೆ. ಲಿಥಿಯಂನವೂ ಇವೆ. ಟಾರ್ಕೀಡೋ ಅಂತ ಜರ್ಮನಿಯ ಕಂಪನಿಯದ್ದು 1,100 ವ್ಯಾಟ್, ಬ್ಯಾಟರಿ 915 ವ್ಯಾಟ್-ಅವರ್. ಪೂರ್ತಿ ವೇಗದಲ್ಲಿ ಒಂದು ಗಂಟೆಯೂ ಬರುವುದಿಲ್ಲ, ನಿಧಾನವಾಗಿ ಹೋದರೆ ನಾಲ್ಕಾರು ಗಂಟೆ ಬರುತ್ತದೆ. ದಡದಿಂದ ಎರಡು ಕಿಲೋಮೀಟರ್ ದಾಟದವರಿಗೆ ಅದು ಬಂಗಾರ. ಬೀದರ್‌ನವರು ಕಾರಂಜಾ ಜಲಾಶಯದ ಒಂದು ಮೂಲೆಯಲ್ಲಷ್ಟೇ ಆಡುವುದಾದರೆ ನಾನು ಪೆಟ್ರೋಲ್ ಬಿಟ್ಟು ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ನನ್ನ ಹಿನ್ನೀರು ಕೂಡಲಸಂಗಮದ ಕಡೆಗೆ ಚಾಚಿಕೊಂಡು ಹೋಗುತ್ತದೆ. ಎದುರುಗಾಳಿಯಲ್ಲಿ ಚಾರ್ಜ್ ಮುಗಿದರೆ ಮತ್ತೆ ಟಾರ್ಚ್ ಹಿಡಿದು ನಿಲ್ಲುವವರಿದ್ದಾರೆ.

ಔಟ್‌ಬೋರ್ಡು ಮನೆಮಾತಾದದ್ದರ ಹಿಂದೆಯೂ ಮನೆಯವರೇ ಇದ್ದರಂತೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಓಲೆ ಎವಿನ್‌ರೂಡ್ ಎಂಬಾತ, ಮದುವೆಯಾಗಬೇಕಿದ್ದ ಬೆಸ್ ಐಸ್‌ಕ್ರೀಮ್ ಕೇಳಿದಳೆಂದು ಕೆರೆಯಾಚೆಗೆ ಹುಟ್ಟು ಹಾಕುತ್ತಾ ಹೋಗಿ ಬಂದ. ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತು. ಅಂದೇ ತಲೆಗೆ ಹೊಕ್ಕ ಮೋಟರ್ 1909ರ ಹೊತ್ತಿಗೆ ಮಾರಾಟಕ್ಕೆ ಬಂತು ಅಂತ ಹೇಳುತ್ತಾರೆ. ನನಗೆ ಈ ಕತೆ ಇಷ್ಟ. ಅವನಿಗೆ ಬೇಕಾಗಿದ್ದದ್ದು ವೇಗವಲ್ಲ, ಹೊತ್ತಿಗೆ ಸರಿಯಾಗಿ ವಾಪಸ್ ಬರುವುದು. ಅವನ ಮೊದಲ ಮೋಟರ್ ಒಂದೂವರೆ ಎಚ್‌ಪಿಯದ್ದು.

ಕೊಳ್ಳುವ ಮೊದಲು ಕಾಗದಪತ್ರದ ಮಾತು. ಬರೀ ಹಾಯಿಗೆ ಒಂದು ಲೆಕ್ಕ, ಯಂತ್ರ ಬಿಗಿದ ಮೇಲೆ ಇನ್ನೊಂದು. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ಯಂತ್ರದ ದೋಣಿಗೆ ತಪಾಸಣೆ, ನೋಂದಣಿ ಅಂತೆಲ್ಲಾ ಇದೆ. ಜಲಾಶಯದ ಕಚೇರಿಯ ಒಪ್ಪಿಗೆ ಬೇರೆ. ನಾನು ಮೋಟರ್ ತಂದು ಆಮೇಲೆ ಕೇಳಲು ಹೋಗಿ ಐದು ತಿಂಗಳು ಅಲೆದೆ. ನೀವು ಉಲ್ಟಾ ಮಾಡಿ.

ಇನ್ನೆರಡು ಸಣ್ಣ ಸಾಮಾನು. ಮೋಟರಿನ ಕೆಂಪು ಸುರುಳಿ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಿ. ನೀವು ನೀರಿಗೆ ಬಿದ್ದರೆ ಅದು ಕಿತ್ತು ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ದೋಣಿ ನಿಮ್ಮನ್ನು ಬಿಟ್ಟು ಲಿಂಗಸುಗೂರು ಕಡೆಗೆ ಹೋಗುತ್ತದೆ. ಮೋಟರಿಗೂ ದೋಣಿಗೂ ನಡುವೆ ಒಂದು ಗಟ್ಟಿ ಸರಪಳಿ ಹಾಕಿ. ಬಿಗಿದ ಸ್ಕ್ರೂ ನಡುಕಕ್ಕೆ ತಾನಾಗೇ ಸಡಿಲವಾಗುತ್ತದೆ. ನನ್ನದು ಒಮ್ಮೆ ಹಲಗೆ ಬಿಟ್ಟು ಜಾರಿತ್ತು, ಸರಪಳಿಯಲ್ಲಿ ನೇತಾಡುತ್ತಾ ಉಳಿಯಿತು. ಲೈಫ್ ಜಾಕೆಟ್ ಬಗ್ಗೆ ಹೇಳಲೇಬೇಕಿಲ್ಲ ಅಲ್ವಾ? ಹರಿಗೋಲಿನ ಹಿರಿಯರಿಗೆ ನಾನೊಂದು ಕೊಟ್ಟಿದ್ದೇನೆ. ಅವರು ಅದನ್ನು ಕೂರಲು ದಿಂಬು ಮಾಡಿಕೊಂಡಿದ್ದಾರೆ. ಬೈದರೆ ಹಾಕಿಕೊಳ್ಳುತ್ತಾರೆ, ನಾನು ತಿರುಗಿದ ಕೂಡಲೇ ಮತ್ತೆ ದಿಂಬು.

ಆ 9.9 ಎಚ್‌ಪಿಯನ್ನು 51 ಸಾವಿರಕ್ಕೆ ಕರಾವಳಿಯ ಮೀನುಗಾರರೊಬ್ಬರಿಗೆ ಕೊಟ್ಟೆ. ಚಪ್ಪಟೆ ತಳದ ಹಗುರ ದೋಣಿಗೆ ಹಾಕಿಕೊಂಡಿದ್ದಾರೆ. ವಿಡಿಯೊ ಕಳಿಸಿದ್ದರು, ಕುದುರೆಯಂತೆ ಓಡುತ್ತಿದೆ.

ಬೀದರ್‌ನ ಆ ಓದುಗರು ಹಿಂದಿನ ಹಲಗೆಯ ಎತ್ತರ ಎಷ್ಟು ಇಂಚು, ತುಂಬಿದ ದೋಣಿಯ ತೂಕ ಎಷ್ಟು, ದಡದಿಂದ ಎಷ್ಟು ದೂರ ಹೋಗುತ್ತಾರೆ, ಈ ಮೂರು ಮಾತ್ರ ಬರೆದು ನಿಮ್ಮ ಕಚೇರಿಗೆ ಕಳಿಸಲಿ. ದಯವಿಟ್ಟು ನನಗೆ ದಾಟಿಸಿ, ಉತ್ತರ ಬರೆಯುತ್ತೇನೆ. ಜೂನ್ ಒಳಗೆ ಕಳಿಸಿದರೆ ಒಳ್ಳೆಯದು. ಗಾಳಿ ಎದ್ದ ಮೇಲೆ ನಾನು ಮನೆಯಲ್ಲಿ ಸಿಗುವುದಿಲ್ಲ.

ಇಂತಿ ನಿಮ್ಮ ಓದುಗ,
ನಿವೃತ್ತ ನೌಕಾಪಡೆ ಮೆಕ್ಯಾನಿಕ್,
ಹುಣಸಗಿ ತಾಲ್ಲೂಕು, ಯಾದಗಿರಿ ಜಿಲ್ಲೆ